ಹುಬ್ಬಳ್ಳಿ-ಧಾರವಾಡದ ಮೇಯರ್ ಅವರಿಗೆ: ಎಣ್ಣೆ (ಕೀಟನಾಶಕ) ಹೊಡೆಯದ ಪಲ್ಲೆಗೆ ಒಂದು ಕಟ್ಟೆ ಕೊಡಿ

ಮಾನ್ಯ ಮೇಯರ್ ಅವರಿಗೆ ನಮಸ್ಕಾರ.

ನಾನು ಹಳೇ ಹುಬ್ಬಳ್ಳಿಯವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ಮನೆಯವರು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ಅತ್ತೆ, ಇಬ್ಬರು ಮಕ್ಕಳು ಸೇರಿ ಐದು ಮಂದಿ. ಅತ್ತೆಗೆ ಸಕ್ಕರೆ ಕಾಯಿಲೆ. ಅನ್ನ ಕಡಿಮೆ ಮಾಡಿ, ರೊಟ್ಟಿ, ಕಾಳು, ಪಲ್ಲೆ ಜಾಸ್ತಿ ಮಾಡಿ ಅಂದರು ಡಾಕ್ಟರು. ಸಾಧ್ಯವಾದರೆ ಸಾವಯವದ್ದೇ ತಿನ್ನಿ ಅಂತಲೂ ಅಂದರು. ಆ 'ಸಾಧ್ಯವಾದರೆ' ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಸಾವಯವ ಅಂಗಡಿಗೆ ಹೋಗಿ ನೋಡಿದೆ. ಚಂದದ ಪಾಕೀಟು, ಒಳಗೆ ಒಂದು ಕಿಲೋ ಜೋಳದ ಹಿಟ್ಟು, 110 ರೂಪಾಯಿ. ನಮ್ಮ ಮನೆಗೆ ತಿಂಗಳಿಗೆ 25 ಕಿಲೋ ಬೇಕು. ಅಲ್ಲಿಗೆ 2,750 ರೂಪಾಯಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರೀ ಹಿಟ್ಟಿಗೇ ಸಾಲುವುದಿಲ್ಲ. ಕೇಂದ್ರ ಸರ್ಕಾರ 2025-26ಕ್ಕೆ ಮಾಲ್ದಂಡಿ ಜೋಳಕ್ಕೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,749 ರೂಪಾಯಿ. ಅಂದರೆ ಕಿಲೋಗೆ ಮೂವತ್ತೇಳೂವರೆ. ಸಾವಯವ ಅಂತ ರೈತನಿಗೆ ಹತ್ತಿಪ್ಪತ್ತು ಜಾಸ್ತಿಯೇ ಸಿಗಲಿ, ಬೀಸಿದ್ದಕ್ಕೆ ಗಿರಣಿಯವರಿಗೂ ಕೊಡೋಣ. ಉಳಿದ ದುಡ್ಡು ಯಾರಿಗೆ ಹೋಯಿತು?

ಮನೆಗೆ ಬಂದು ಯೋಚಿಸಿದೆ. ನನ್ನ ತವರು ನವಲಗುಂದದ ಕಡೆ, ಎರೆ ಹೊಲ. ಅಲ್ಲಿ ಹಿಂಗಾರಿ ಜೋಳ ನೆಲದಲ್ಲಿ ಉಳಿದ ಹಸಿಯ ಮೇಲೇ ಬೆಳೆಯುತ್ತದೆ. ಸರ್ಕಾರಿ ಗೊಬ್ಬರ, ಅಂದರೆ ರಾಸಾಯನಿಕ ಗೊಬ್ಬರ, ಒಂದಿಷ್ಟು ಹಾಕುವವರಿದ್ದಾರೆ, ಆದರೆ ಎಣ್ಣೆ ಹೊಡೆಯುವುದು ತೀರ ಕಡಿಮೆ. ಹಾಗಾಗಿ ಪಾಕೀಟಿನ ಹಿಟ್ಟಿನ ಆಸೆ ಬಿಟ್ಟೆ. ಸುಗ್ಗಿಯಲ್ಲಿ ಚೀಲಗಟ್ಟಲೆ ಜೋಳ ತಂದು, ಒಣಗಿದ ಬೇವಿನೆಲೆ ಹಾಕಿಟ್ಟು, ಬೇಕಾದಾಗ ಗಿರಣಿಗೆ ಒಯ್ಯುತ್ತೇನೆ. ಗುರೆಳ್ಳು, ಅಗಸಿ, ಶೇಂಗಾ ಚಟ್ನಿಪುಡಿ ಮನೆಯಲ್ಲೇ ಕುಟ್ಟುತ್ತೇನೆ. ಮಡಕಿ ಕಾಳು ಮೊಳಕೆ ಕಟ್ಟುತ್ತೇನೆ. ಇಷ್ಟಕ್ಕೆ ಯಾವ ಸಾವಯವ ಅಂಗಡಿಯೂ ಬೇಡ, ನೀವೂ ಬೇಡ!

ತೊಂದರೆ ಇರುವುದು ತರಕಾರಿಯಲ್ಲಿ. ಬದನೆಗೆ ಕಾಯಿ ಕೊರೆಯುವ ಹುಳ ಬೀಳುತ್ತದೆ. ಒಮ್ಮೆ ಕಾಯೊಳಗೆ ಹೊಕ್ಕಿತೆಂದರೆ ಮೇಲೆ ಹೊಡೆದ ಎಣ್ಣೆ ಅದಕ್ಕೆ ತಾಗುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹೊಡೆಯುತ್ತಾರೆ. ಎಣ್ಣೆಗಾಯಿ ಅಂದರೆ ಇದಲ್ಲ, ಅಲ್ವಾ? ಹೂಕೋಸು, ಹಸಿಮೆಣಸಿನಕಾಯಿಯ ಕಥೆಯೂ ಹೆಚ್ಚುಕಡಿಮೆ ಇದೇ. ಅಂದರೆ ನನ್ನ ಹತ್ತಿರ ಜಾಸ್ತಿ ಇರುವ ನೂರು ರೂಪಾಯಿಯನ್ನು ಜೋಳಕ್ಕಲ್ಲ, ಬದನೆಗೆ, ಪಲ್ಲೆಗೆ ಹಾಕಬೇಕು. ಹಾಕಲು ತಯಾರಿದ್ದೇನೆ. ಆದರೆ ಯಾರ ಕೈಗೆ ಕೊಡಲಿ?

ಮಾರ್ಕೆಟ್ಟಿನಲ್ಲಿ ಕೇಳಿದರೆ "ಜವಾರಿ ಐತಿ, ತಗೋರಿ" ಅನ್ನುತ್ತಾರೆ. ಜವಾರಿ ಅಂದರೆ ನಾಟಿ, ಅದು ತಳಿಯ ಮಾತು. ಜವಾರಿ ಬದನೆಗೂ ಎಣ್ಣೆ ಹೊಡೆಯಬಹುದು. ಇನ್ನೂ ಕೆದಕಿದರೆ "ನಮಗೇನ ಗೊತ್ತರೀ ಅಕ್ಕಾರ, ನಾವೂ ಹರಾಜಿನ್ಯಾಗ ತಂದದ್ದು" ಅನ್ನುತ್ತಾರೆ. ಅವರದು ಸುಳ್ಳಲ್ಲ.

ನೀರಿನದೂ ಒಂದು ಮಾತಿದೆ, ಅದು ನೇರವಾಗಿ ನಿಮ್ಮ ಮೇಜಿಗೇ ಬರುವಂಥದ್ದು. ನಮ್ಮ ಊರಿನ ಕೊಳಚೆ ನಾಲಾ ಹಿಡಿದು ಹೊರಗಿನ ಹಳ್ಳಿಗಳ ಹೊಲ ಸೇರುತ್ತದೆ. ಮೋಟರ್ ಇಟ್ಟು ಅದನ್ನೇ ಎತ್ತಿ ತರಕಾರಿ ಬೆಳೆಯುವುದು ಇಂದು ನಿನ್ನೆಯದಲ್ಲ. ಆ ನೀರಿಗೆ ಕಳೆಯೂ ಜಾಸ್ತಿ, ಹುಳವೂ ಜಾಸ್ತಿ, ಆದ್ದರಿಂದ ಎಣ್ಣೆಯೂ ಜಾಸ್ತಿ. ಬೇಸಿಗೆಯಲ್ಲಿ ಬೇರೆ ನೀರು ಕಾಣದ ರೈತರನ್ನು ನಾನು ಬೈಯುವುದಿಲ್ಲ. ಕೊಳಚೆ ನಮ್ಮ ವಾರ್ಡುಗಳದ್ದೇ. ಅದನ್ನು ಶುದ್ಧ ಮಾಡಿ ಬಿಡುವುದು ದೊಡ್ಡ ಕೆಲಸ, ಒಂದು ಪತ್ರಕ್ಕೆ ಆಗುವುದಿಲ್ಲ ಅಂತ ಗೊತ್ತು. ಅಲ್ಲಿಯವರೆಗೆ "ಯಾವ ನೀರಿನದು?" ಅಂತ ಕೇಳುವುದಕ್ಕಾದರೂ ಬೆಳೆದವರು ನನ್ನ ಎದುರಿಗೆ ಇರಬೇಕು.

ಒಮ್ಮೆ ಹಾಗೆ ಸಿಕ್ಕಿದ್ದರು. ಹೋದ ಮಳೆಗಾಲದಲ್ಲಿ ಕುಂದಗೋಳದ ಕಡೆಯ ಒಬ್ಬ ಅಮ್ಮ ಬಸ್ ನಿಲ್ದಾಣದ ಹತ್ತಿರ ಗೋಣಿತಟ್ಟು ಹಾಸಿ ಕೂತಿದ್ದರು. ಮೆಂತ್ಯೆ, ಹಕ್ಕರಿಕೆ, ಮುಳ್ಳುಮುಳ್ಳಿನ ಸಣ್ಣ ಬದನೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. "ತಿಪ್ಪಿ ಗೊಬ್ಬರ, ಬೋರಿನ ನೀರು. ಬೇವಿನ ಬೀಜದ ಕಷಾಯ ಬಿಟ್ರ ಏನೂ ಹೊಡದಿಲ್ಲವಾ" ಅಂದರು. ಸೊಪ್ಪಿನ ಸಿವುಡಿಗೆ ಮಾರ್ಕೆಟ್ಟಿಗಿಂತ ಎರಡು ರೂಪಾಯಿ ಜಾಸ್ತಿ, ಅಷ್ಟೇ. ಶಕ್ತಿ ಯೋಜನೆಯಿಂದ ಅವರಿಗೆ ಬಸ್ಸಿನ ಖರ್ಚು ಇಲ್ಲ. ಮೂರು ವಾರ ಸಿಕ್ಕರು, ಮೂರು ವಾರವೂ ಬೇರೆ ಬೇರೆ ಜಾಗದಲ್ಲಿ. ನಾಲ್ಕನೇ ವಾರ ಹುಡುಕಿದೆ, ಸಿಗಲಿಲ್ಲ. ಅವರ ಹೆಸರು ಕೂಡ ಕೇಳಿಕೊಂಡಿರಲಿಲ್ಲ ನೋಡಿ.

ನಾನು ಕೇಳುವುದು ಇಷ್ಟೇ. ಪಾಲಿಕೆಯ ಯಾವುದಾದರೂ ಮಾರುಕಟ್ಟೆಯಲ್ಲಿ ವಾರಕ್ಕೊಂದು ದಿನ, ಬೆಳಿಗ್ಗೆ 7ರಿಂದ 11ರವರೆಗೆ, ಎಣ್ಣೆ ಹೊಡೆಯದೆ ಬೆಳೆಯುವವರಿಗೆ ಒಂದು ಕಟ್ಟೆ ಬಿಟ್ಟುಕೊಡಿ. ಸ್ವಂತ ಹೊಲದ್ದು ಮಾತ್ರ ಮಾರಬೇಕು. ಪಾಕೀಟು ಬೇಡ, ತಕ್ಕಡಿ ಸಾಕು. ಯಾವ ಊರು, ಯಾವ ನೀರು, ಏನು ಹಾಕಿದ್ದಾರೆ ಅಂತ ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರಲಿ. ತಪ್ಪು ಬರೆದರೆ ಮುಂದಿನ ವಾರ ನಾವೇ ಕೇಳುತ್ತೇವೆ.

ಪ್ರಮಾಣಪತ್ರ ಇಲ್ಲ ಅಂತ ನಿಮ್ಮ ಅಧಿಕಾರಿಗಳು ಅಡ್ಡ ಹಾಕಬಹುದು. ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗೆ ವಹಿವಾಟು ಮಾಡುವ ಸಣ್ಣ ಬೆಳೆಗಾರರು ತಿನ್ನುವವರಿಗೆ ನೇರವಾಗಿ ಮಾರಿದರೆ ಸಾವಯವ ಪ್ರಮಾಣಪತ್ರ ಬೇಕಿಲ್ಲ ಅಂತ ಆಹಾರ ಸುರಕ್ಷತೆ ಪ್ರಾಧಿಕಾರದ ನಿಯಮವೇ ಹೇಳುತ್ತದೆ. ಸರ್ಕಾರದ ಸಾವಯವ ಗುರುತು ಮಾತ್ರ ಹಾಕುವಂತಿಲ್ಲ. ನಮಗೆ ಆ ಗುರುತು ಬೇಕಾಗಿಯೂ ಇಲ್ಲ. ಜಾಗ ಗೊತ್ತು ಮಾಡಲು 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಸಲಹೆ ಬೇಕಾದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾವಯವ ಕೃಷಿಗೇ ಒಂದು ಸಂಸ್ಥೆ ಇದೆ.

ಬೆಳೆಯುವವರು ಎಲ್ಲಿದ್ದಾರೆ ಅನ್ನಬೇಡಿ. ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಿರಿಧಾನ್ಯ ಮತ್ತು ದೇಸಿ ಬೀಜ ಉಳಿಸಿದ್ದಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಪಡೆದರು. ಅವರ ಹೆಸರು ಅಷ್ಟು ದೂರ ಹೋಯಿತು. ನಮ್ಮ ಓಣಿಯ ಅಂಗಡಿಯಲ್ಲಿ ಸಾವಿ, ನವಣೆ ಈಗಲೂ ದೂರದ ಊರಿನ ಪಾಕೀಟಿನಲ್ಲೇ ಸಿಗುತ್ತದೆ.

ಮತ್ತೊಂದು. ದಯವಿಟ್ಟು ಆ ಕಟ್ಟೆಯನ್ನು ಬೈಪಾಸ್ ಕಡೆ ಕೊಡಬೇಡಿ. ಅಲ್ಲಿಗೆ ಕಾರಿನವರು ಬರುತ್ತಾರೆ, ಬೆಲೆಯೂ ಕಾರಿನವರದೇ ಆಗುತ್ತದೆ. ಬಸ್ ನಿಲ್ದಾಣದಿಂದ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದು ಬರುವಷ್ಟು ಹತ್ತಿರ ಇರಲಿ.

ಇತಿ,
ಹಳೇ ಹುಬ್ಬಳ್ಳಿಯ ಒಬ್ಬ ಗೃಹಿಣಿ