ಮೂರನೇ ಸಾಲಲ್ಲಿ ಹೊರಳೋದು

ಪ್ರೀತಿಯ ತಮ್ಮಾ,

ನಿನ್ನ ಮೆಸೇಜು, ಕಥೆ ಎರಡೂ ಬಂತು. ಕಿಶೋತೆಂಕೆತ್ಸು ಅಂತ ಒಂದು ಜಪಾನಿ ವಿಧಾನ ಸಿಕ್ತು ಅಕ್ಕ, ಸಂಘರ್ಷನೇ ಇಲ್ದೆ ಕಥೆ ಕಟ್ಟಬಹುದಂತೆ, ಅದರ ಪ್ರಕಾರ ನಾಲ್ಕು ಭಾಗ ಮಾಡಿದೀನಿ ಅಂತ ಬರ್ದಿದ್ಯಲ್ಲ, ಕಥೇನ ಎರಡು ಸಲ ಓದಿದೆ, ಅದಕ್ಕೆ ಆಮೇಲೆ ಬರ್ತೀನಿ, ಮೊದ್ಲು ಆ ಪದಾನ ಬಿಡಿಸಿ ನೋಡೋಣ, ಯಾಕಂದ್ರೆ ನೀನು ಅದನ್ನ ಇಡ್ಲಿ ತಟ್ಟೆ ಥರ ಬಳಸಿದೀಯ, ನಾಲ್ಕು ಗುಳಿ, ನಾಲ್ಕಕ್ಕೂ ಹಿಟ್ಟು.

ಅದು ಚೀನೀ ಲಿಪಿಯ ನಾಲ್ಕು ಅಕ್ಷರ. ಕಿ ಅಂದ್ರೆ ಏಳೋದು, ಶೋ ಅಂದ್ರೆ ಕೊಟ್ಟಿದ್ದನ್ನ ಕೈಯೊಡ್ಡಿ ತಗೊಳ್ಳೋದು, ತೆನ್ ಅಂದ್ರೆ ಹೊರಳೋದು, ಕೆತ್ಸು ಅಂದ್ರೆ ಗಂಟು ಹಾಕೋದು. ತೆನ್ ಅಕ್ಷರದ ಎಡಗಡೆ ಗಾಡಿಯ ಗುರುತಿದೆ, ಜಪಾನಿನವರು ಸೈಕಲ್ಲಿಗೆ ಜಿತೆನ್‌ಶಾ ಅಂತಾರಲ್ಲ, ಅದರ ಒಳಗಿರೋದೂ ಇದೇ ತೆನ್. ಕೆತ್ಸುವಿನ ಎಡಗಡೆ ನೂಲಿನ ಗುರುತು. ಈ ಎರಡು ಚಿತ್ರ ಮನಸ್ಸಲ್ಲಿಟ್ಕೋ, ಉರುಳೋ ಚಕ್ರ, ಗಂಟು ಬೀಳೋ ನೂಲು.

ಇದು ಹುಟ್ಟಿದ್ದು ಚೀನಾದಲ್ಲಿ, ಅದೂ ಕಥೆಗಲ್ಲ, ಪದ್ಯಕ್ಕೆ. ಯುವಾನ್ ರಾಜವಂಶದ ಕಾಲದ ಕವಿ ಫಾನ್ ಪೆಂಗ್ (1272–1330) ಹೇಳಿಕೊಟ್ಟಿದ್ದು ಅಂತಾರೆ. ಆದ್ರೆ ಹೆಸರಿಡೋಕಿಂತ ಎಷ್ಟೋ ಮುಂಚೆನೇ ಕವಿಗಳು ಹಾಗೆ ಬರೀತಿದ್ರು. ಎಂಟನೇ ಶತಮಾನದ ಮೆಂಗ್ ಹಾವ್‌ರಾನ್‌ದು ಒಂದು ಪುಟ್ಟ ಪದ್ಯ ಇದೆ, ಒಟ್ಟು 20 ಅಕ್ಷರ. ವಸಂತದ ನಿದ್ದೆ, ಬೆಳಗಾಗಿದ್ದೇ ಗೊತ್ತಾಗ್ಲಿಲ್ಲ. ಎಲ್ಲೆಲ್ಲೂ ಹಕ್ಕಿಗಳ ದನಿ. ರಾತ್ರಿ ಗಾಳಿ ಮಳೆ ಸದ್ದಿತ್ತು. ಹೂವು ಎಷ್ಟು ಉದುರಿದ್ವೋ. ಅಷ್ಟೇ ಕಣೋ! ಮೂರನೇ ಸಾಲು ನೋಡು, ಅವನು ಹಾಸಿಗೆಯಿಂದ ಎದ್ದೇ ಇಲ್ಲ, ಹಕ್ಕಿ ಕೇಳ್ತಿದ್ದ ಕಿವಿಗೆ ರಾತ್ರಿಯ ಮಳೆ ನೆನಪಾಯ್ತು, ಬೆಳಗಿನ ಖುಷಿಯೆಲ್ಲ ಒಂದೇ ಸಾಲಲ್ಲಿ ಹೊರಳ್ತು. ನಾನಿದನ್ನ ಎಷ್ಟು ಸಲ ಓದಿದ್ರೂ ಅಲ್ಲಿಗೆ ಬಂದಾಗ ಎದೆ ಜುಂ ಅನ್ನುತ್ತೆ.

ಚೀನೀಯರಲ್ಲಿ ಕೊನೇ ಅಕ್ಷರ ಬೇರೆ, ಹ ಅಂತ, ಕೂಡೋದು ಅಂತ ಅರ್ಥ, ಹಕ್ಕೀನೂ ಮಳೇನೂ ಉದುರಿದ ಹೂವಲ್ಲಿ ಕೂಡಿದ ಹಾಗೆ. ಜಪಾನಿಗೆ ಬಂದಾಗ ಅದು ಕೆತ್ಸು ಆಯ್ತು, ಗಂಟು. ಕೊರಿಯಾದಲ್ಲೂ ಗಂಟೇ, ಅಲ್ಲೀಗ ಹುಡುಗ್ರು ಕೊನೇ ಅಕ್ಷರ ತೆಗೆದು ಚಿಕನ್ ಅಂತ ಸೇರಿಸ್ತಾರೆ, ಮಾತು ಎಲ್ಲಿಂದ ಶುರುವಾದ್ರೂ ಕೊನೆಗೆ ಚಿಕನ್ ಅಂಗಡಿಗೇ ಬಂದು ನಿಲ್ಲುತ್ತೆ ಅಂತ ತಮಾಷೆಗೆ.

ಇನ್ನು ಸಂಘರ್ಷ ಇರಲ್ಲ ಅನ್ನೋದು ಆ ನಾಲ್ಕಕ್ಷರದಲ್ಲಿ ಎಲ್ಲೂ ಇಲ್ಲ, ಇಂಗ್ಲಿಷಲ್ಲಿ ಸುತ್ತಾಡುವಾಗ ಅಂಟಿಕೊಂಡ ಅರ್ಥ ಅದು. ಜಪಾನಲ್ಲಿ ಇದಕ್ಕೆ ಉದಾಹರಣೆಯಾಗಿ ಒಂದು ಹಳೇ ಹಾಡು ಹೇಳ್ತಾರೆ, ಕವಿ ರಾಯ್ ಸಾನ್ಯೋ (ತೀರಿಕೊಂಡಿದ್ದು 1832ರಲ್ಲಿ) ಕಟ್ಟಿದ್ದು ಅಂತ ಪ್ರತೀತಿ. ನೂಲಂಗಡಿಯವನ ಹೆಣ್ಮಕ್ಕಳು, ಅಕ್ಕನಿಗೆ ಇಷ್ಟು ವಯಸ್ಸು ತಂಗಿಗೆ ಇಷ್ಟು, ನಾಡುನಾಡಿನ ಪಾಳೇಗಾರರು ಬಿಲ್ಲು ಬಾಣದಲ್ಲಿ ಕೊಲ್ತಾರೆ, ಇವರು ಕಣ್ಣಲ್ಲೇ ಕೊಲ್ತಾರೆ. ಊರು, ವಯಸ್ಸು ಹೇಳೋರ ಬಾಯಲ್ಲಿ ಬದಲಾಗುತ್ತೆ, ಆದ್ರೆ ಪಾಳೇಗಾರರು ಮಾತ್ರ ಮೂರನೇ ಸಾಲಲ್ಲೇ ಬರೋದು. ನೂಲಂಗಡಿಗೂ ಅವರಿಗೂ ಏನು ಸಂಬಂಧ ಅಂತ ಒಂದು ಕ್ಷಣ ತಬ್ಬಿಬ್ಬಾಗ್ತೀವಿ, ಆಮೇಲೆ ನಾಲ್ಕನೇ ಸಾಲು ಗಂಟು ಹಾಕುತ್ತೆ.

ಈಗ ನಿನ್ನ ಕಥೆ. ಅಪ್ಪ ತೋಟ ಮಾರಿದ್ದು, ಮನೇಲಿ ಯಾರೂ ಅದರ ಮಾತೆತ್ತದೇ ಇರೋದು, ಎರಡೂ ಚೆನ್ನಾಗಿದೆ. ಮೂರನೇದ್ರಲ್ಲಿ ಲಾರಿ ಆಕ್ಸಿಡೆಂಟ್ ತಂದಿದೀಯ. ಆ ಲಾರಿ ಎಲ್ಲಿಂದ ಬಂತು? ಅದಕ್ಕೆ ನಾಲ್ಕನೇ ಭಾಗದಲ್ಲಿ ಗಂಟು ಹಾಕೋಕೆ ನೂಲೇ ಇಲ್ಲ, ಅದಕ್ಕೇ ಕೊನೇಲಿ ನೀನು ಅಷ್ಟುದ್ದ ವಿವರಣೆ ಕೊಡಬೇಕಾಯ್ತು. ಎರಡನೇ ಭಾಗದಲ್ಲಿ ನೀನೇ ಒಂದು ಸಾಲು ಬರ್ದು ಹಾಗೇ ಬಿಟ್ಟು ಹೋಗಿದೀಯ, ತೋಟ ಮಾರಿದ ಮಾರನೇ ದಿನ ಬೆಳಗಿನ ಜಾವ ತ್ರೀ ಫೇಸ್ ಕರೆಂಟ್ ಬಂತು ಅಂತ ಅಪ್ಪ ಟಾರ್ಚ್ ಹಿಡ್ಕೊಂಡು ಮೋಟ್ರು ಹಾಕೋಕೆ ಹೊರಟುಬಿಟ್ರು ಅಂತ. ಆಗ ಅಮ್ಮ ಎಚ್ಚರ ಇದ್ರಾ? ಬಾಗಿಲ ಚಿಲಕದ ಸದ್ದು ಕೇಳಿಸ್ಕೊಂಡು ಕಣ್ಮುಚ್ಚಿಕೊಂಡೇ ಮಲಗಿದ್ರಾ? ಅಮ್ಮನ ಹಾಸಿಗೆ ಕಡೆಯಿಂದ ಆ ರಾತ್ರೀನ ಬರೀ.

ಲಾರಿ ತೆಗೆದು ಇನ್ನೊಂದ್ಸಲ ಕಳ್ಸು, ಭಾನುವಾರ ಓದ್ತೀನಿ.

ನಿನ್ನ ಅಕ್ಕ