ಉಬ್ಬಸದವರಿಗೆ ‘ಜೋರಾಗಿ ಉಸಿರೆಳೆ’ ಎನ್ನಬೇಡಿ

ಮಾನ್ಯ ಸಂಪಾದಕರೇ,

ಚಳಿ ಶುರುವಾಯಿತೆಂದರೆ ಆರೋಗ್ಯ ಪುಟಗಳಲ್ಲಿ ಉಬ್ಬಸದ ಮಾತು ಬರುತ್ತದೆ, ಬರಬೇಕಾದದ್ದೇ. ಆದರೆ ‘ಉಸಿರು ಕಟ್ಟಿದಾಗ ದೀರ್ಘವಾಗಿ ಉಸಿರೆಳೆದುಕೊಳ್ಳಿ’ ಎಂಬ ಸಲಹೆಯೂ ಆಗಾಗ ಅದರ ಜೊತೆಗೇ ಬರುತ್ತದೆ. ಮನೆಯವರೂ ಬೆನ್ನು ನೀವುತ್ತಾ ಅದನ್ನೇ ಹೇಳುತ್ತಾರೆ. ಉಬ್ಬಸದಲ್ಲಿ ಮುಖ್ಯ ತೊಡಕಿರುವುದು ಗಾಳಿ ಹೊರಗೆ ಹೋಗುವುದರಲ್ಲಿ. ಹಾಗಾಗಿ ಈ ಸಲಹೆ ಉಪಕಾರಕ್ಕಿಂತ ತೊಂದರೆಯನ್ನೇ ಹೆಚ್ಚು ಮಾಡುತ್ತದೆ.

ಗಾಳಿ ಎಳೆದುಕೊಳ್ಳುವ ಸ್ನಾಯು ಶ್ವಾಸಕೋಶಕ್ಕೆ ಇಲ್ಲ. ಕಮ್ಮಾರನ ತಿದಿ ತಾನಾಗಿ ಉಬ್ಬುತ್ತದೆಯೇ? ಯಾರಾದರೂ ಎತ್ತಬೇಕು. ಇಲ್ಲಿ ಎತ್ತುವ ಕೈ ಎಂದರೆ ವಪೆ, ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತೆ ನಿಂತಿರುವ ಸ್ನಾಯು. ಅದು ಬಿಗಿದಾಗ ಗುಮ್ಮಟ ಒಂದೆರಡು ಸೆಂ.ಮೀ. ಕೆಳಗಿಳಿಯುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಸರಿಯುತ್ತವೆ. ಎದೆಗೂಡಿನೊಳಗೆ ಜಾಗ ಹಿಗ್ಗಿದಂತೆ ಶ್ವಾಸಕೋಶದೊಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು 1 ಸೆಂ.ಮೀ. ನೀರಿನಷ್ಟು ತಗ್ಗುತ್ತದೆ. ಎಳನೀರಿನ ಸ್ಟ್ರಾದಲ್ಲಿ ನೀರು ಒಂದು ಸೆಂ.ಮೀ. ಮೇಲೇರಲು ಬೇಕಾದಷ್ಟು ಸೆಳೆತ, ಅಷ್ಟೇ. ಅದಕ್ಕೇ ಸುಮಾರು 500 ಮಿ.ಲೀ. ಗಾಳಿ ಒಳಗೆ ಬರುತ್ತದೆ. ಸುಮ್ಮನೆ ಕೂತಾಗ ಉಸಿರು ಬಿಡಲು ಇಷ್ಟು ಕೆಲಸವೂ ಇಲ್ಲ: ವಪೆ ಸಡಿಲವಾಗುತ್ತದೆ, ಹಿಗ್ಗಿದ್ದ ಶ್ವಾಸಕೋಶ ರಬ್ಬರಿನಂತೆ ತಾನೇ ಕುಗ್ಗುತ್ತದೆ.

ಒಳಗೆ ಬಂದ 500ರಲ್ಲಿ ಸುಮಾರು 150 ಮಿ.ಲೀ. ಮೂಗು, ಗಂಟಲು, ಉಸಿರಿನ ಕೊಳವೆಗಳಲ್ಲೇ ಉಳಿದು ರಕ್ತದ ಹತ್ತಿರ ಸುಳಿಯದೆ ವಾಪಸಾಗುತ್ತದೆ. ನಿಮಿಷಕ್ಕೆ 12 ಸಲ 500 ಮಿ.ಲೀ. ಉಸಿರಾಡಿದರೆ ಒಟ್ಟು 6 ಲೀಟರ್, ರಕ್ತಕ್ಕೆ ಆಮ್ಲಜನಕ ಸೇರುವ ಗಾಳಿಗೂಡುಗಳಿಗೆ ಮುಟ್ಟುವುದು 4.2 ಲೀಟರ್. 24 ಸಲ 250 ಮಿ.ಲೀ.ಯಂತೆ ಏದುಸಿರು ಬಿಟ್ಟರೂ ಒಟ್ಟು 6 ಲೀಟರೇ. ಆದರೆ ಮುಟ್ಟುವುದು 2.4 ಲೀಟರ್ ಮಾತ್ರ. ಎದೆ ದಡಬಡ ಏರಿಳಿಯುತ್ತಿದೆ ಎಂದರೆ ಗಾಳಿ ಚೆನ್ನಾಗಿ ಆಡುತ್ತಿದೆ ಎಂದಲ್ಲ.

ಉಬ್ಬಸದಲ್ಲಿ ಕೊಳವೆಗಳ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಊದುತ್ತದೆ, ಕಫ ಮೆತ್ತಿಕೊಳ್ಳುತ್ತದೆ. ನಯವಾಗಿ ಹರಿಯುವ ಗಾಳಿಗೆ ಕೊಳವೆಯ ತ್ರಿಜ್ಯ ಅರ್ಧಕ್ಕಿಳಿದರೆ ತಡೆ ಎರಡಲ್ಲ, 16 ಪಟ್ಟು ಏರುತ್ತದೆ. ಉಸಿರೆಳೆಯುವಾಗ ಸುತ್ತಲಿನ ಶ್ವಾಸಕೋಶ ಹಿಗ್ಗಿ ಕೊಳವೆಗಳನ್ನು ಅಗಲಿಸಿ ಹಿಡಿಯುತ್ತದೆ, ಬಿಡುವಾಗ ಆ ಆಸರೆ ತಪ್ಪುತ್ತದೆ. ಸುಯ್ ಎಂಬ ಸದ್ದು ಹೆಚ್ಚಾಗಿ ಬಿಡುವಾಗ ಕೇಳುವುದು ಇದಕ್ಕೇ. ಮೊದಲಿನ ಗಾಳಿ ಪೂರ್ತಿ ಹೋಗುವ ಮುನ್ನವೇ ಮುಂದಿನ ಉಸಿರು ಬರುತ್ತದೆ, ಉಳಿಕೆ ಒಳಗೇ ಪೇರುತ್ತದೆ. ಎದೆ ಪೀಪಾಯಿಯಂತಾಗಿ ವಪೆ ಚಪ್ಪಟೆಯಾಗುತ್ತದೆ. ಆಗಲೇ ಕೆಳಗಿಳಿದು ನಿಂತಿರುವ ವಪೆ ಇನ್ನೆಷ್ಟು ಇಳಿದೀತು? ಕತ್ತಿನ ಸ್ನಾಯುಗಳು ಎದೆಯನ್ನು ಮೇಲೆತ್ತಲು ಶುರುಮಾಡುತ್ತವೆ. ಈ ಸ್ಥಿತಿಯಲ್ಲಿ ‘ಇನ್ನೂ ಎಳೆ’ ಎಂದರೆ ತುಂಬಿದ ಚೀಲಕ್ಕೆ ಮತ್ತೆ ತುರುಕಿದಂತೆ.

ಮೊದಲು ಮಾಡಬೇಕಾದದ್ದು, ವೈದ್ಯರು ತುರ್ತಿಗೆಂದು ಕೊಟ್ಟ ಇನ್ಹೇಲರ್ ಬಳಸುವುದು. ಮಲಗಿಸಬೇಡಿ. ಕೂರಿಸಿ, ಮುಂದಕ್ಕೆ ಬಾಗಿಸಿ, ಮೊಣಕೈಗಳನ್ನು ಮೇಜಿನ ಮೇಲೋ ತೊಡೆಯ ಮೇಲೋ ಊರಿಸಿ. ಮೂಗಿನಿಂದ ಎರಡೆಣಿಸುವಷ್ಟು ಹೊತ್ತು ಎಳೆದು, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಕಿರಿದು ಮಾಡಿ ನಾಲ್ಕೆಣಿಸುವವರೆಗೆ ಬಿಡಲು ಹೇಳಿ. ತುಟಿಯ ಬಳಿಯ ತಡೆ ಒಳಗಿನ ಕೊಳವೆಗಳು ಬೇಗ ಮುಚ್ಚಿಕೊಳ್ಳದಂತೆ ಹಿಂದಿನಿಂದ ಒತ್ತಡ ಕೊಡುತ್ತದೆ. ಇದು ಔಷಧಿಗೆ ಬದಲಿಯಲ್ಲ.

ಸಿನಿಮಾಗಳಲ್ಲಿ ಬಾಯಿ ತೆರೆದು ಇನ್ಹೇಲರನ್ನು ಪುಸ್ ಪುಸ್ ಎಂದು ಎರಡು ಸಲ ಒತ್ತಿದರೆ ಮುಗಿಯಿತು! ಹಾಗೆ ಒತ್ತಿದ ಔಷಧಿ ಹೆಚ್ಚಿನಂಶ ಗಂಟಲ ಗೋಡೆಗೆ ಬಡಿಯುತ್ತದೆ. ಡಬ್ಬಿ ಕುಲುಕಿ, ಉಸಿರು ಮೆಲ್ಲಗೆ ಪೂರ್ತಿ ಬಿಟ್ಟು, ತುಟಿಗಳಿಂದ ಬಿಗಿಯಾಗಿ ಹಿಡಿದು, ಎಳೆಯಲು ಶುರುಮಾಡಿದ ಕ್ಷಣದಲ್ಲೇ ಒಂದು ಸಲ ಒತ್ತಬೇಕು. ನಿಧಾನವಾಗಿ 3ರಿಂದ 5 ಸೆಕೆಂಡು ಎಳೆದು, ಸಾಧ್ಯವಾದರೆ 10 ಸೆಕೆಂಡು ಹಿಡಿದು ಬಿಡಬೇಕು. ಮುಂದಿನ ಪಫ್‌ಗೆ ಅರ್ಧ ನಿಮಿಷವಾದರೂ ಬಿಡುವಿರಲಿ. ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿ ಇನ್ಹೇಲರ್‌ಗೆ ಇದರ ತದ್ವಿರುದ್ಧ: ಜೋರಾಗಿ, ಒಮ್ಮೆಲೇ ಎಳೆಯಬೇಕು, ಇಲ್ಲದಿದ್ದರೆ ಪುಡಿ ಒಡೆದು ಹರಡುವುದಿಲ್ಲ. ಅದರೊಳಗೆ ಉಸಿರು ಊದಿದರೆ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಕ್ಯಾಪ್ಸೂಲನ್ನೇ ನುಂಗುವವರೂ ಇದ್ದಾರೆ, ಅದು ಹೊಟ್ಟೆಗೆ ಹೋಗಬೇಕಾದದ್ದಲ್ಲ. ಸ್ಟೀರಾಯ್ಡ್ ಇರುವ ಇನ್ಹೇಲರ್ ಯಾವುದೇ ಇರಲಿ, ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲವಾದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟು ಕಟ್ಟಬಹುದು.

ಒತ್ತುವುದು, ಎಳೆಯುವುದು ಒಟ್ಟಿಗೆ ಕೂಡಿಬರದ ಮಕ್ಕಳಿಗೂ ವಯಸ್ಸಾದವರಿಗೂ ಸ್ಪೇಸರ್, ಅಂದರೆ ಇನ್ಹೇಲರ್‌ಗೂ ಬಾಯಿಗೂ ನಡುವೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ, ಬೇಕೇ ಬೇಕು. ಅದಕ್ಕೆ ಒಂದು ಪಫ್ ಒತ್ತಿ, ಐದಾರು ಸಲ ಸಾಮಾನ್ಯವಾಗಿ ಉಸಿರಾಡಿಸಿದರೆ ಸಾಕು. ಎರಡು ಪಫ್ ಒಟ್ಟಿಗೆ ಒತ್ತಿದರೆ ಹನಿಗಳು ಕೂಡಿಕೊಂಡು ಸ್ಪೇಸರ್ ಗೋಡೆಗೆ ಅಂಟುತ್ತವೆ.

ಇನ್ನೊಂದು ಮಾತು. ಸುಯ್ ಸದ್ದು ನಿಂತಿತೆಂದು ಮನೆಯವರು ಸಮಾಧಾನಪಡುವುದುಂಟು. ಸದ್ದಾಗಲು ಗಾಳಿ ಹರಿಯಬೇಕು. ಏದುಸಿರು ಹಾಗೇ ಇದ್ದು ಎದೆ ಮಾತ್ರ ಸದ್ದಿಲ್ಲದಂತಾದರೆ ಕೊಳವೆಗಳು ಬಹುತೇಕ ಮುಚ್ಚಿವೆ ಎಂದರ್ಥ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ಪಕ್ಕೆಲುಬುಗಳ ನಡುವಿನ ಚರ್ಮ ಒಳಸೇದುತ್ತಿದ್ದರೆ, ತುಟಿ ನೀಲಿಗಟ್ಟಿದರೆ ಅಥವಾ ರೋಗಿ ಮಂಪರಿಗೆ ಜಾರಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಬರುವವರೆಗೂ ತುರ್ತಿನ ಇನ್ಹೇಲರ್‌ನಿಂದ ಸ್ಪೇಸರ್ ಮೂಲಕ ಒಂದೊಂದೇ ಪಫ್ ಕೊಡುತ್ತಿರಿ.

ಮುಂದಿನ ಸಲ ಉಬ್ಬಸದ ಲೇಖನದ ಜೊತೆ ಚಿತ್ರ ಹಾಕುವಾಗ ದಯವಿಟ್ಟು ಸ್ಪೇಸರ್ ಇರುವ ಚಿತ್ರ ಹಾಕಿ. ಅದನ್ನು ಸೋಪಿನ ನೀರಲ್ಲಿ ಅದ್ದಿ ತೊಳೆದು, ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಿಸಬೇಕು ಎಂದು ಅಡಿಯಲ್ಲಿ ಒಂದು ಸಾಲು ಬರೆದರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ಕನ್ನು ಒರೆಸಿದರೆ ವಿದ್ಯುದಂಶ ಹುಟ್ಟಿ ಔಷಧಿ ಗೋಡೆಗೇ ಹಿಡಿದುಕೊಳ್ಳುತ್ತದೆ.

– ಉಸಿರಾಟ ಚಿಕಿತ್ಸೆಯ ಕ್ಷೇತ್ರದ ಓದುಗರು, ಮೈಸೂರು