ಐಡಿಪಿ ರಿನ್ಯೂ ಆಯ್ತು ಅಂದ್ರೆ ಫಾರಿನ್ನಲ್ಲಿ ಗಾಡಿ ಓಡಿಸಬಹುದು ಅಂತ ಅಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕೋಲಾರದಲ್ಲಿ ಈಗ ಎಲ್ಲಿ ನೋಡಿದ್ರೂ ಒಂದು ಬೋರ್ಡ್ ಕಾಣುತ್ತೆ, "ಇಂಟರ್‌ನ್ಯಾಷನಲ್ ಲೈಸೆನ್ಸ್ ಮಾಡಿಸಿ ಕೊಡಲಾಗುವುದು, 1 ವರ್ಷ ಯಾವ ದೇಶದಲ್ಲಾದ್ರೂ ಓಡಿಸಿ" ಅಂತ. ಅವರು ಹೇಳೋ ಆ ಲೈಸೆನ್ಸೇ ಐಡಿಪಿ, ಅಂದ್ರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ನಮ್ಮ ಕಡೆಯಿಂದ ಎಷ್ಟೋ ಮಕ್ಕಳು ನರ್ಸಿಂಗ್ ಮುಗಿಸಿ, ಇಂಜಿನಿಯರಿಂಗ್ ಮುಗಿಸಿ ಹೊರದೇಶಕ್ಕೆ ಹೋಗ್ತಿದಾರೆ, ಆ ಬೋರ್ಡ್ ನಂಬ್ಕೊಂಡು ಹೋಗ್ತಾರೆ, ಅದಕ್ಕೇ ನಮ್ಮನೇಲಿ ಆಗಿದ್ದನ್ನ ಬರೀತಿದೀನಿ.

ನಮ್ಮ ಮಗಳು ಇಂಗ್ಲೆಂಡಲ್ಲಿ ಸ್ಟಾಫ್ ನರ್ಸ್. ಇಲ್ಲಿ ಕೆಎ-07 ಲೈಸೆನ್ಸ್, ಬಂಗಾರಪೇಟೆ ರೋಡಲ್ಲಿ ಕಾರು ಕಲಿತವಳು, ಆರು ವರ್ಷ ಓಡಿಸಿದ ಅನುಭವ. ಬೆಳಗಿನ ಶಿಫ್ಟು ಏಳೂವರೆಗೆ, ಅವಳಿರೋ ಊರಿಂದ ಅಷ್ಟೊತ್ತಿಗೆ ಸರಿಯಾದ ಬಸ್ಸಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ಕಾರು ತಗೊಂಡ್ಳು. ಹೋಗುವಾಗ ಮಾಡಿಸಿದ್ದ ಐಡಿಪಿ ಒಂದು ವರ್ಷ ಆಗ್ತಿದ್ದಂಗೆ ಮುಗೀತು. ನಾನು ಇಲ್ಲಿ ಏಜೆಂಟ್ ಹತ್ರ ಹೋದೆ. "ಏನೂ ಯೋಚ್ನೆ ಮಾಡ್ಬೇಡಿ ಸಾರ್, ಇನ್ನೊಂದು ಮಾಡಿಸಿಬಿಟ್ರೆ ಇನ್ನೊಂದ್ ವರ್ಷ ಆರಾಮಾಗಿ ಓಡಿಸ್ಬೋದು" ಅಂದ. ಸರ್ಕಾರದ ಫೀಸು 1000 ರೂಪಾಯಿ, ಅವನು ತಗೊಂಡಿದ್ದು 5,500. ಬೂದು ಬಣ್ಣದ ಆ ಚಿಕ್ಕ ಪುಸ್ತಕ ಬಂತು, ಅವಳ ಫೋಟೋ, ಸೀಲು, ಎಲ್ಲಾ ಸರಿಯಾಗಿತ್ತು, ನಾನೇ ಪ್ಲಾಸ್ಟಿಕ್ ಕವರ್ ಹಾಕಿ ಕೊರಿಯರ್ ಮಾಡಿದೆ.

ಅದು ಕೈ ಸೇರಿದ ದಿನ ಡ್ಯೂಟೀಲಿ ಜೊತೆಗಿದ್ದ ಮಲಯಾಳಿ ಹುಡುಗಿಗೆ ತೋರಿಸಿದಾಳೆ. ಆ ಹುಡುಗಿ ಅದನ್ನ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು, "ನೀನು ಬಂದು 13 ತಿಂಗಳು ಆಯ್ತಲ್ಲ, ಇನ್ನೂ ಓಡಿಸ್ತಿದೀಯಾ?"

ವಿಷಯ ಏನಂದ್ರೆ, ಬ್ರಿಟನ್ನಲ್ಲಿ ನೆಲೆಸೋಕೆ ಹೋದ ದಿನದಿಂದ 12 ತಿಂಗಳು ಮಾತ್ರ ನಮ್ಮ ಲೈಸೆನ್ಸ್ ನಡೆಯುತ್ತೆ. ಆಮೇಲೆ ಐಡಿಪಿ ಹೊಸದಿದ್ರೂ ಅಷ್ಟೇ, ಇಂಡಿಯಾ ಲೈಸೆನ್ಸ್ ಇನ್ನೂ ಹತ್ತು ವರ್ಷ ಇದ್ರೂ ಅಷ್ಟೇ. ಆಸ್ಟ್ರೇಲಿಯಾ, ಜಪಾನ್, ಸೌತ್ ಆಫ್ರಿಕಾದವರು ತಮ್ಮ ಲೈಸೆನ್ಸ್ ಕೊಟ್ಟು ಅಲ್ಲಿದು ಬದಲಾಯಿಸ್ಕೋಬಹುದು, ಆ ಪಟ್ಟಿಲಿ ನಮ್ಮ ದೇಶ ಇಲ್ಲ. ನಾವು ಮೊದಲಿಂದ ಪ್ರೊವಿಷನಲ್, ಅಂದ್ರೆ ಕಲಿಯೋರಿಗೆ ಕೊಡೋ ಲೈಸೆನ್ಸ್ ತಗೊಂಡು, ಥಿಯರಿ ಬರೆದು, ರೋಡ್ ಟೆಸ್ಟ್ ಕೊಡ್ಬೇಕು. ಅವಳು ಗೊತ್ತಿಲ್ದೆ ಐದು ವಾರ ಹಂಗೇ ಓಡಿಸಿದ್ಳು ಅಂತ ಕೇಳಿ ನಮ್ಮನೇಲಿ ಆ ರಾತ್ರಿ ಯಾರಿಗೂ ನಿದ್ದೆ ಬರ್ಲಿಲ್ಲ. ಇಲ್ಲಿ ಇನ್ಶೂರೆನ್ಸ್ ಗಾಡಿ ಮೇಲೆ ಇರುತ್ತೆ, ಅಲ್ಲಿ ಓಡಿಸೋರ ಹೆಸರಿನ ಮೇಲೆ, ಲೈಸೆನ್ಸ್ ನಡೀದಿದ್ರೆ ಇನ್ಶೂರೆನ್ಸೂ ಕೈ ಕೊಡುತ್ತೆ. ಇನ್ಶೂರೆನ್ಸ್ ಇಲ್ದೆ ಸಿಕ್ಕಿದ್ರೆ 300 ಪೌಂಡ್ ದಂಡ, ಮೇಲೆ ಲೈಸೆನ್ಸ್ ದಾಖಲೇಲಿ ತಪ್ಪಿನ ಲೆಕ್ಕಕ್ಕೆ 6 ಪೆನಾಲ್ಟಿ ಪಾಯಿಂಟ್, ಗಾಡೀನೂ ಎತ್ಕೊಂಡು ಹೋಗ್ಬಹುದು. ಯಾರಿಗಾದ್ರೂ ಗುದ್ದಿದ್ರೆ ಏನ್ ಗತಿ, ನೀವೇ ಯೋಚ್ನೆ ಮಾಡಿ.

ಅವತ್ತೇ ಕಾರು ನಿಲ್ಲಿಸಿದ್ಳು. 34 ಪೌಂಡ್ ಕಟ್ಟಿ ಪ್ರೊವಿಷನಲ್ ತಗೊಂಡ್ಳು, 23 ಪೌಂಡ್ ಕಟ್ಟಿ ಥಿಯರಿ ಪಾಸ್ ಮಾಡಿದ್ಳು, ರೋಡ್ ಟೆಸ್ಟಿಗೆ ಡೇಟ್ ಸಿಕ್ಕಿದ್ದು ಐದು ತಿಂಗಳಿಗೆ. ಅಲ್ಲಿವರೆಗೂ ಎಲ್ ಬೋರ್ಡ್, ಪಕ್ಕದಲ್ಲಿ 21 ದಾಟಿದ, 3 ವರ್ಷ ಲೈಸೆನ್ಸ್ ಇರೋರು ಕೂರ್ಲೇಬೇಕು. ಒಬ್ಳೇ ಇರೋ ಹುಡುಗಿಗೆ ಬೆಳಗ್ಗೆ ಆರು ಗಂಟೆಗೆ ಯಾರು ಬಂದು ಕೂರ್ತಾರೆ? ಚಳಿಗಾಲ ಪೂರ್ತಿ ಕತ್ತಲಲ್ಲಿ ನಡ್ಕೊಂಡು ಹೋದ್ಳು, ನಡೀತಾ ನಡೀತಾ ನಮಗೆ ವಿಡಿಯೋ ಕಾಲ್ ಮಾಡೋಳು, ಇಲ್ಲಿ ಹೊತ್ತು ನೆತ್ತಿಗೇರಿದ್ರೆ ಅಲ್ಲಿ ಬೀದಿ ದೀಪ ಬಿಟ್ರೆ ಏನೂ ಕಾಣ್ತಿರ್ಲಿಲ್ಲ. ಅವರ ರೂಲ್ಸ್ ತಪ್ಪು ಅಂತ ನಾನು ಹೇಳ್ತಿಲ್ಲ, ಅವರ ರೋಡು ಅವರ ಕಾನೂನು. ಆದ್ರೆ ಮೊದಲೇ ಯಾರಾದ್ರೂ ಹೇಳಿದ್ರೆ ಮೂರನೇ ತಿಂಗಳಲ್ಲೇ ಟೆಸ್ಟಿಗೆ ಹಾಕ್ತಿದ್ಳು.

ನಮ್ಮವರಿಗೆ ಗೊಂದಲ ಆಗೋದು ಎಲ್ಲಿ ಅಂತ ಈಗ ಅರ್ಥ ಆಗಿದೆ. ಐಡಿಪಿ ಅನ್ನೋದು 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಡೋ ಪುಸ್ತಕ, ನಮ್ಮ ಲೈಸೆನ್ಸಲ್ಲಿ ಇರೋದನ್ನ ಬೇರೆ ಬೇರೆ ಭಾಷೇಲಿ ಹೇಳುತ್ತೆ, ಅಷ್ಟೇ. ಒಂದು ವರ್ಷ ಅನ್ನೋದು ಆ ಪುಸ್ತಕದ ಆಯಸ್ಸು, ಅಲ್ಲಿ ಎಷ್ಟು ದಿನ ಓಡಿಸ್ಬಹುದು ಅನ್ನೋದನ್ನ ತೀರ್ಮಾನ ಮಾಡೋದು ಆ ದೇಶ. 2021ರಲ್ಲಿ ಕೇಂದ್ರ ಸರ್ಕಾರ ಹೊರದೇಶದಲ್ಲಿ ಇದ್ಕೊಂಡೇ ಎಂಬೆಸಿ ಮೂಲಕ ಐಡಿಪಿ ರಿನ್ಯೂ ಮಾಡಿಸ್ಕೊಳ್ಳೋ ಅವಕಾಶ ಕೊಡ್ತು, ಒಳ್ಳೇದೇ, ಆದ್ರೆ ರಿನ್ಯೂ ಆಯ್ತಲ್ಲ ಇನ್ನೇನು ಅಂತ ಜನ ಅಂದ್ಕೊಳ್ಳೋದೂ ಅದ್ರಿಂದ್ಲೇ. ಜರ್ಮನಿಲಿ ನೆಲೆಸಿದೋರಿಗೆ 6 ತಿಂಗಳು. ಅಮೆರಿಕದಲ್ಲಿ ಸ್ಟೇಟಿಗೊಂದು ಲೆಕ್ಕ, ಟೆಕ್ಸಾಸಲ್ಲಿ ವಾಸಕ್ಕೆ ಬಂದೋರಿಗೆ 90 ದಿನ, ಕ್ಯಾಲಿಫೋರ್ನಿಯಾದಲ್ಲಿ 10 ದಿನದೊಳಗೆ ಅಲ್ಲಿನ ಲೈಸೆನ್ಸಿಗೆ ಅರ್ಜಿ ಹಾಕ್ಬೇಕು. ಮಕ್ಕಳನ್ನ ನೋಡೋಕೆ ಹೋಗೋ ನಮ್ಮಂಥ ಅಪ್ಪ ಅಮ್ಮಂದಿರಿಗೆ, ಅಂದ್ರೆ ವಿಸಿಟರ್‌ಗಳಿಗೆ, ರೂಲ್ಸೇ ಬೇರೆ. ಆದ್ರೂ ಮಗನ ಕಾರು ತಾನೇ ಅಂತ ಕೀ ತಗೊಂಡು ಹೊರಡೋ ಮುಂಚೆ ಇನ್ಶೂರೆನ್ಸಲ್ಲಿ ನಿಮ್ಮ ಹೆಸರು ಸೇರಿಸಬೇಕಾ ಅಂತ ಕೇಳಿ.

ನನ್ನ ಕೋರಿಕೆ ದೊಡ್ಡದೇನಲ್ಲ. ಆರ್‌ಟಿಓ ಆಫೀಸಲ್ಲಿ ಐಡಿಪಿ ಕೊಡುವಾಗ ಯಾವ ದೇಶಕ್ಕೆ, ಓದೋಕಾ ಕೆಲಸಕ್ಕಾ ಸುಮ್ನೆ ನೋಡ್ಕೊಂಡು ಬರೋಕಾ ಅಂತ ಕೇಳಿ, ಕನ್ನಡದಲ್ಲಿ ಒಂದು ಚೀಟಿ ಕೊಡ್ಲಿ. ಈ ಪುಸ್ತಕ ನಂಬ್ಕೊಂಡು ಕೂರ್ಬೇಡಿ, ಆ ದೇಶದ ಲೈಸೆನ್ಸ್ ಇಲಾಖೆ ವೆಬ್‌ಸೈಟ್ ನೋಡಿ, ನೀವು ಹೋಗಿ ಇಳಿದ ದಿನದಿಂದ ಲೆಕ್ಕ ಹಾಕ್ಕೊಳ್ಳಿ ಅಂತ ಮೂರು ಸಾಲು ಇದ್ರೆ ಸಾಕು. ಏಜೆಂಟ್‌ಗಳ ಬೋರ್ಡಲ್ಲಿ "ಯಾವ ದೇಶದಲ್ಲಾದ್ರೂ 1 ವರ್ಷ" ಅಂತ ಬರೆಯೋದನ್ನೂ ಸಾರಿಗೆ ಇಲಾಖೆಯವರು ನಿಲ್ಲಿಸಬೇಕು.

ನಮ್ಮ ಪಕ್ಕದ ಬೀದಿ ಹುಡುಗ ಮುಂದಿನ ತಿಂಗಳು ಜರ್ಮನಿಗೆ ಕೆಲಸಕ್ಕೆ ಹೊರಟಿದಾನೆ. ಮೊನ್ನೆ ಸಿಕ್ಕಾಗ, ಅಲ್ಲಿ ಮನೆ ಮಾಡಿದ ತಾರೀಕು ಬರ್ದಿಟ್ಕೊಳಪ್ಪ, ಅಲ್ಲಿಂದ ಆರೇ ತಿಂಗಳು ಅಂತ ಹೇಳ್ದೆ. ಅವನು ಬ್ಯಾಗಿಂದ ಹೊಸ ಐಡಿಪಿ ತೆಗೆದು ತೋರಿಸ್ದ, "ಅಂಕಲ್, ಇದ್ರಲ್ಲಿ ಒಂದು ವರ್ಷ ಅಂತ ಇದೆಯಲ್ಲ" ಅಂದ.

ಇಂತಿ,
ನಿಮ್ಮ ಓದುಗ, ಕೋಲಾರ